ಅಳಿಸುವ ಮುನ್ನ ಕೇಳಬೇಕೇ, ಬೇಡವೇ? ಲಿಂಕುಗಳಿಗೆ ಷರತ್ತಿನ ದೃಢೀಕರಣ ಅಳವಡಿಸುವ ಸಮಗ್ರ ಮಾರ್ಗದರ್ಶಿ

ಕೋಲಾರದ ಎಪಿಎಂಸಿ ಪ್ರಾಂಗಣದ ಟೊಮೆಟೊ ಮಂಡಿಯೊಂದಕ್ಕೆ ಲೆಕ್ಕದ ವೆಬ್ ಅಪ್ಲಿಕೇಶನ್ ಬರೆದುಕೊಟ್ಟಾಗ, ಪರದೆಯ ಮೇಲಿನ ಹೆಚ್ಚುಕಡಿಮೆ ಪ್ರತಿಯೊಂದು ಲಿಂಕಿಗೂ ನಾನು ‘ಖಚಿತವೇ?’ ಎಂಬ ಪ್ರಶ್ನೆಯನ್ನು ಅಂಟಿಸಿದ್ದೆ. ಲಾಟ್ (ರೈತರೊಬ್ಬರು ಹರಾಜಿಗೆ ತಂದ ಮಾಲಿನ ರಾಶಿ) ಅಳಿಸಿದರೂ ಕೇಳುತ್ತಿತ್ತು, ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಚೀಟಿ) ಮುದ್ರಿಸಿದರೂ ಕೇಳುತ್ತಿತ್ತು, ಒಂದು ಪುಟ ಬಿಟ್ಟು ಇನ್ನೊಂದಕ್ಕೆ ಹೋದರೂ ಕೇಳುತ್ತಿತ್ತು. ಇಷ್ಟು ಕಾವಲಿಟ್ಟ ಮೇಲೆ ತಪ್ಪು ನಡೆಯಲಾರದು ಎಂದು ನಂಬಿದ್ದೆ. ಎರಡು ವಾರದ ನಂತರ, ಬೆಳಗಿನ ಹರಾಜಿನ ಹೊತ್ತಿಗೆ ಗುಮಾಸ್ತರ ಪಕ್ಕ ಕುಳಿತು ನೋಡಿದಾಗ, ಪ್ರಶ್ನೆಯ ಪೆಟ್ಟಿಗೆ ಪರದೆಯ ಮೇಲೆ ಮೂಡುವಷ್ಟರಲ್ಲೇ ಅವರ ಬೆರಳು ಎಂಟರ್ ಕೀ ಒತ್ತಿ ಮುಗಿಸಿರುತ್ತಿತ್ತು. ರೈತರಿಗೆ ಹಣ ಪಾವತಿಯಾಗಿದ್ದ ಪಟ್ಟಿಯೊಂದು ಅದೇ ವಾರ ಹೀಗೆಯೇ ಅಳಿಸಿಹೋಗಿತ್ತು. ಹಿಂದಿನ ರಾತ್ರಿಯ ಬ್ಯಾಕಪ್ಪಿನಲ್ಲಿ ಅದು ಇರಲಿಲ್ಲ, ಕಾರ್ಬನ್ ಪ್ರತಿಯನ್ನು ಹುಡುಕಿ ಮತ್ತೆ ಬರೆಯಬೇಕಾಯಿತು. ತಪ್ಪು ಗುಮಾಸ್ತರದಲ್ಲ, ನನ್ನದು. ದಿನಕ್ಕೆ ನೂರಾರು ಸಲ ಕೇಳುವ ಪ್ರಶ್ನೆಯನ್ನು ಯಾರೂ ಓದುವುದಿಲ್ಲ, ಮತ್ತು ಓದದೆ ಉತ್ತರಿಸುವ ಅಭ್ಯಾಸವನ್ನು ಕಲಿಸಿದ್ದು ನಾನು ಬರೆದ ಕೋಡೇ.

ಆಮೇಲೆ ಆ ಅಪ್ಲಿಕೇಶನ್ನನ್ನು ನಾನು ತಿದ್ದಿದ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ. ಉದಾಹರಣೆಗೆ ಅದರ ‘ಇಂದಿನ ಲಾಟ್‌ಗಳು’ ಎಂಬ ಪುಟವನ್ನು ಇಟ್ಟುಕೊಳ್ಳೋಣ. ಪ್ರತಿ ಸಾಲಿನಲ್ಲಿ ರೈತರ ಹೆಸರು, 15 ಕೆ.ಜಿ. ಬಾಕ್ಸ್‌ಗಳ ಸಂಖ್ಯೆ, ದರ ಮತ್ತು ನಾಲ್ಕು ಲಿಂಕುಗಳಿವೆ: ನೋಡು, ತಿದ್ದು, ಅಳಿಸು, ಪಟ್ಟಿ ಮುಗಿಸು. ಸರ್ವರ್ ಬದಿಯಲ್ಲಿ ಪಿಎಚ್‌ಪಿ, ಜಾಂಗೋ, ರೈಲ್ಸ್ ಯಾವುದಿದ್ದರೂ ಕ್ರಮ ಒಂದೇ. ಕೋಡಿನ ಪದಗಳನ್ನು ನಾವು ಬಾಯಲ್ಲಿ ಹೇಳುವಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಅವುಗಳ ಮೂಲ ಕಾಗುಣಿತವನ್ನೇ ಬಳಸಬೇಕು.

ಮೊದಲ ಹಂತ: ಕೋಡ್ ಬದಿಗಿಟ್ಟು ಕಾಗದ ತೆಗೆದುಕೊಳ್ಳಿ

ಅಪ್ಲಿಕೇಶನ್ನಿನಲ್ಲಿರುವ ಪ್ರತಿಯೊಂದು ಲಿಂಕನ್ನೂ ಕಾಗದದ ಮೇಲೆ ಬರೆದು, ಎದುರಿಗೆ ‘ಇದನ್ನು ತಪ್ಪಿ ಒತ್ತಿದರೆ ಏನು ಕಳೆದುಹೋಗುತ್ತದೆ?’ ಎಂಬ ಪ್ರಶ್ನೆಗೆ ಉತ್ತರ ಬರೆಯಿರಿ. ಏನೂ ಕಳೆದುಹೋಗದಿದ್ದರೆ ಆ ಲಿಂಕು ಏನನ್ನೂ ಕೇಳಬಾರದು. ಕಳೆದುಹೋದದ್ದನ್ನು ಸುಲಭವಾಗಿ ಹಿಂದಕ್ಕೆ ತರಬಹುದಾದರೆ, ಮುಂಚಿತವಾಗಿ ಕೇಳುವುದಕ್ಕಿಂತ ಕೆಲಸ ಮುಗಿಸಿ ‘ಲಾಟ್ ಅಳಿಸಲಾಗಿದೆ, ವಾಪಸ್ ತನ್ನಿ’ ಎಂಬ ಸಾಲನ್ನು ಪರದೆಯ ತಳದಲ್ಲಿ ತೋರಿಸುವುದು ಎಷ್ಟೋ ಮೇಲು. ಇದಕ್ಕಾಗಿ ಸಾಲನ್ನು ಡೇಟಾಬೇಸಿನಿಂದ ನಿಜವಾಗಿ ತೆಗೆಯದೆ, ‘ಅಳಿಸಿದ ಸಮಯ’ ಎಂಬ ಕಾಲಮ್ಮಿನಲ್ಲಿ ಸಮಯವನ್ನು ಬರೆದಿಟ್ಟರೆ ಸಾಕು. ನನ್ನ ಕಾಗದದಲ್ಲಿದ್ದ ಲಿಂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡು ಗುಂಪುಗಳಲ್ಲೇ ಮುಗಿದುಹೋದವು.

ಉಳಿಯುವುದು ಕೆಲವು ಸಲ ಮಾತ್ರ ಅಪಾಯಕಾರಿಯಾಗುವ ಲಿಂಕುಗಳು. ಇನ್ನೂ ಯಾರೂ ಕೂಗದ, ಅಂದರೆ ಹರಾಜಿನಲ್ಲಿ ಯಾವ ವ್ಯಾಪಾರಿಯೂ ದರ ಹೇಳದ ಲಾಟನ್ನು ಅಳಿಸಿದರೆ ನಷ್ಟವಿಲ್ಲ, ಬೆಳಗ್ಗೆ ತಪ್ಪಾಗಿ ಎರಡು ಸಲ ನಮೂದಿಸಿದ್ದನ್ನು ತೆಗೆದಂತಾಯಿತು ಅಷ್ಟೆ. ಕೂಗು ದಾಖಲಾಗಿರುವ ಲಾಟನ್ನು ಅಳಿಸಿದರೆ ವ್ಯಾಪಾರಿಯೊಡನೆ ಜಗಳವಾಗುತ್ತದೆ. ಹಣ ಪಾವತಿಯಾದ ಪಟ್ಟಿಗೆ ಸೇರಿದ ಲಾಟನ್ನಂತೂ ಅಳಿಸಲೇಬಾರದು. ಅಲ್ಲಿ ದೃಢೀಕರಣದ ಮಾತೇ ಬೇಡ, ಲಿಂಕನ್ನೇ ತೋರಿಸಬಾರದು. ನನ್ನ ಹಳೆಯ ಕೋಡಿನ ದೊಡ್ಡ ದೋಷ ಇಲ್ಲಿತ್ತು: ನಿಷೇಧಿಸಬೇಕಾದ ಕಡೆ ಪ್ರಶ್ನೆ ಕೇಳಿದ್ದೆ. ಹೀಗೆ ಪ್ರತಿಯೊಂದು ಷರತ್ತನ್ನೂ ‘ಕೂಗು ದಾಖಲಾಗಿದ್ದರೆ ಕೇಳು’, ‘ಪಾವತಿಯಾಗಿದ್ದರೆ ಬಿಡಬೇಡ’ ಎಂಬಂತೆ ಸರಳ ಕನ್ನಡದ ಒಂದೊಂದು ವಾಕ್ಯವಾಗಿ ಬರೆದು ಮಂಡಿಯವರಿಗೆ ಓದಿ ಹೇಳಿ. ಅವರು ತಿದ್ದುವ ವಾಕ್ಯಗಳೇ ನಿಮ್ಮ ನಿಜವಾದ ವಿನ್ಯಾಸ.

ಎರಡನೆಯ ಹಂತ: ಅಳಿಸುವ ಲಿಂಕು ಲಿಂಕಾಗಿರಬಾರದು

ವೆಬ್‌ನಲ್ಲಿ ಲಿಂಕು ಒತ್ತಿದರೆ ಬ್ರೌಸರ್ ಗೆಟ್ ಎಂಬ ವಿಧಾನದಲ್ಲಿ ಸರ್ವರನ್ನು ಕೇಳುತ್ತದೆ. ಗೆಟ್ ‘ಸುರಕ್ಷಿತ’ ವಿಧಾನ, ಅಂದರೆ ಸರ್ವರಿನಲ್ಲಿ ಏನನ್ನೂ ಬದಲಿಸಬಾರದ ವಿಧಾನ ಎಂದು ಬ್ರೌಸರ್ ಮತ್ತು ಸರ್ವರ್ ಪರಸ್ಪರ ಮಾತಾಡುವ ಎಚ್‌ಟಿಟಿಪಿ ನಿಯಮಾವಳಿ ಹೇಳುತ್ತದೆ; 2022ರಲ್ಲಿ ಪ್ರಕಟವಾದ ಅದರ ದಾಖಲೆ ಆರ್‌ಎಫ್‌ಸಿ 9110ರಲ್ಲೂ ಅದೇ ಮಾತಿದೆ. ಓದುವುದಕ್ಕೆ ಗೆಟ್, ಬದಲಿಸುವುದಕ್ಕೆ ಪೋಸ್ಟ್ ಅಥವಾ ಡಿಲೀಟ್. ಈ ನಿಯಮವನ್ನು ಮುರಿದವರು 2005ರಲ್ಲಿ ಪಾಠ ಕಲಿತರು. ಆ ವರ್ಷ ಗೂಗಲ್ ಬಿಡುಗಡೆ ಮಾಡಿದ ವೆಬ್ ಆ್ಯಕ್ಸಿಲರೇಟರ್ ಎಂಬ ತಂತ್ರಾಂಶವು ಪುಟದಲ್ಲಿ ಕಂಡ ಲಿಂಕುಗಳನ್ನು ಬಳಕೆದಾರರು ಒತ್ತುವ ಮೊದಲೇ ತೆರೆದು ತಂದಿಟ್ಟುಕೊಳ್ಳುತ್ತಿತ್ತು. ‘ಅಳಿಸು’ ಎಂಬುದು ಬರಿಯ ಲಿಂಕಾಗಿದ್ದ ಅಪ್ಲಿಕೇಶನ್ನುಗಳಲ್ಲಿ ಬಳಕೆದಾರರ ಮಾಹಿತಿ ತಾನಾಗಿ ಅಳಿಯತೊಡಗಿತು. ಆ ಲಿಂಕುಗಳಿಗೆ ಜಾವಾಸ್ಕ್ರಿಪ್ಟಿನ ದೃಢೀಕರಣ ಇದ್ದರೂ ಉಪಯೋಗವಾಗಲಿಲ್ಲ, ಏಕೆಂದರೆ ಆ ತಂತ್ರಾಂಶ ಲಿಂಕನ್ನು ‘ಕ್ಲಿಕ್’ ಮಾಡುತ್ತಲೇ ಇರಲಿಲ್ಲ, ವಿಳಾಸವನ್ನು ನೇರವಾಗಿ ತೆರೆಯುತ್ತಿತ್ತು.

ಆದ್ದರಿಂದ ‘ಅಳಿಸು’ ಮತ್ತು ‘ಪಟ್ಟಿ ಮುಗಿಸು’ ಎಂಬ ಎರಡನ್ನೂ ಪೋಸ್ಟ್ ವಿಧಾನದ ಪುಟ್ಟ ಫಾರ್ಮ್ ಒಳಗಿನ ಬಟನ್ನಾಗಿ ಬದಲಿಸಿ, ಕೋರಿಕೆ ನಿಮ್ಮದೇ ಪುಟದಿಂದ ಬಂದಿದೆಯೆಂದು ಸರ್ವರಿಗೆ ತಿಳಿಸುವ ಗುಪ್ತ ಸಂಕೇತವಾದ ಸಿಎಸ್‌ಆರ್‌ಎಫ್ ಟೋಕನ್ನನ್ನೂ ಸೇರಿಸಿ. ನೋಡಲು ಲಿಂಕಿನಂತೆಯೇ ಇರಬೇಕೆಂದರೆ ಸಿಎಸ್‌ಎಸ್‌ನಲ್ಲಿ ಅಂಚು, ಹಿನ್ನೆಲೆಗಳನ್ನು ತೆಗೆದು ಅಡಿಗೆರೆ ಹಾಕಿದರಾಯಿತು. ‘ನೋಡು’ ಮತ್ತು ‘ತಿದ್ದು’ ನಿಜವಾದ ಲಿಂಕುಗಳಾಗಿಯೇ ಉಳಿಯಲಿ.

ಮೂರನೆಯ ಹಂತ: ಷರತ್ತು ಒಂದೇ ಕಡೆ ಇರಲಿ, ಅದೂ ಸರ್ವರಿನಲ್ಲಿ

ಲಾಟಿಗೆ ಕೂಗು ಬಂದಿದೆಯೇ ಎಂಬುದು ಸರ್ವರಿಗೆ ತಿಳಿದಿರುವ ವಿಷಯ. ಅದನ್ನು ಬ್ರೌಸರಿನಲ್ಲಿ ಮತ್ತೊಮ್ಮೆ ಲೆಕ್ಕ ಹಾಕಲು ಹೋದರೆ ನಿಯಮ ಎರಡು ಕಡೆ ಬೆಳೆಯುತ್ತದೆ, ಮತ್ತು ಆರು ತಿಂಗಳಲ್ಲಿ ಎರಡೂ ಬೇರೆ ಬೇರೆ ಮಾತಾಡುತ್ತವೆ. ನಾನು ಸರ್ವರಿನಲ್ಲಿ ‘ಕೇಳಬೇಕೆ’ ಎಂಬ ಒಂದೇ ಫಂಕ್ಷನ್ ಬರೆದಿದ್ದೇನೆ. ಅದಕ್ಕೆ ಲಾಟನ್ನೂ ಮಾಡಹೊರಟ ಕೆಲಸವನ್ನೂ ಕೊಟ್ಟರೆ, ಅದು ಹೌದು ಅಥವಾ ಇಲ್ಲ ಎನ್ನದೆ ಕಾರಣಗಳ ಪಟ್ಟಿಯನ್ನು ಹಿಂದಿರುಗಿಸುತ್ತದೆ. ಪಟ್ಟಿ ಖಾಲಿಯಿದ್ದರೆ ಕೇಳಬೇಕಾಗಿಲ್ಲ. ಖಾಲಿಯಿಲ್ಲದಿದ್ದರೆ ಆ ಕಾರಣಗಳೇ ಪ್ರಶ್ನೆಯ ಪಠ್ಯವಾಗುತ್ತವೆ: ‘ಲಾಟ್ 214ಕ್ಕೆ 3 ಕೂಗು ದಾಖಲಾಗಿವೆ.’ ಏಕೆ ಕೇಳುತ್ತಿದ್ದೇವೆ ಎಂಬುದನ್ನು ಹೇಳಲಾಗದ ಪ್ರಶ್ನೆಯನ್ನು ಕೇಳಲು ಈ ಫಂಕ್ಷನ್ ಅವಕಾಶವನ್ನೇ ಕೊಡುವುದಿಲ್ಲ.

ಸರ್ವರ್ ಪುಟವನ್ನು ಕಟ್ಟಲು ಬಳಸುವ ಅಚ್ಚಾದ ಟೆಂಪ್ಲೇಟಿನಲ್ಲಿ ಈ ಪಠ್ಯವನ್ನು ಫಾರ್ಮ್ ಅಥವಾ ಲಿಂಕಿನ ಮೇಲೆ ‘ಡೇಟಾ-ಕನ್ಫರ್ಮ್’ ಎಂಬ ಗುಣಲಕ್ಷಣವಾಗಿ ಬರೆಯಿರಿ. ಇಲ್ಲಿ ಅನೇಕರು ಎಡವುತ್ತಾರೆ. ಕಾರಣವಿಲ್ಲದಿದ್ದಾಗ ಗುಣಲಕ್ಷಣದ ಮೌಲ್ಯ ಖಾಲಿಯಾಗಿದ್ದರೆ ಸಾಲದು, ಗುಣಲಕ್ಷಣವೇ ಇರಬಾರದು. ಖಾಲಿ ಮೌಲ್ಯದ ಗುಣಲಕ್ಷಣವಿದ್ದರೆ ‘ಇದೆಯೇ’ ಎಂದು ಪರಿಶೀಲಿಸುವ ಜಾವಾಸ್ಕ್ರಿಪ್ಟಿಗೆ ಇದೆ ಎಂದೇ ಉತ್ತರ ಸಿಗುತ್ತದೆ, ಬಳಕೆದಾರರ ಎದುರು ಅಕ್ಷರವಿಲ್ಲದ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಟೆಂಪ್ಲೇಟಿನ ಇಫ್ ಒಳಗೆ ಇಡೀ ಗುಣಲಕ್ಷಣವನ್ನು ಇಡಿ. ರೈತರ ಹೆಸರನ್ನು ಪ್ರಶ್ನೆಯಲ್ಲಿ ಸೇರಿಸುವುದಾದರೆ ಉದ್ಧರಣ ಚಿಹ್ನೆಗಳು ಎಸ್ಕೇಪ್ ಆಗುತ್ತಿವೆಯೇ (ಅಂದರೆ ಕೋಡಿನ ಭಾಗವಾಗದೆ ಬರಿಯ ಅಕ್ಷರಗಳಾಗಿ ಉಳಿಯುತ್ತಿವೆಯೇ) ಎಂದೂ ನೋಡಿಕೊಳ್ಳಿ.

ನಾಲ್ಕನೆಯ ಹಂತ: ಇಡೀ ಪುಟಕ್ಕೆ ಒಂದೇ ಕೇಳುಗ

ಪ್ರತಿ ಲಿಂಕಿನ ಆನ್‌ಕ್ಲಿಕ್‌ನಲ್ಲಿ ‘ರಿಟರ್ನ್ ಕನ್ಫರ್ಮ್’ ಎಂದು ಬರೆಯುವ ಹಳೆಯ ಪದ್ಧತಿ ಕೆಲಸವನ್ನೇನೋ ಮಾಡುತ್ತದೆ, ಆದರೆ ಹರಾಜು ನಡೆಯುವಾಗ ಹೊಸ ಸಾಲುಗಳು ಬಂದು ಸೇರುವ ಪುಟದಲ್ಲಿ ಅದನ್ನು ನಿಭಾಯಿಸುವುದು ಕಷ್ಟ. ಅದರ ಬದಲು ಡಾಕ್ಯುಮೆಂಟಿಗೆ ‘ಕ್ಲಿಕ್’ ಮತ್ತು ‘ಸಬ್ಮಿಟ್’ ಘಟನೆಗಳ ಒಂದೊಂದು ಕೇಳುಗವನ್ನು (ಘಟನೆ ನಡೆದೊಡನೆ ಓಡುವ ಫಂಕ್ಷನ್) ಕಟ್ಟಿ. ಲಿಂಕು ಒತ್ತಿದಾಗ ಘಟನೆಯ ಟಾರ್ಗೆಟ್‌ನಿಂದ ‘ಕ್ಲೋಸೆಸ್ಟ್’ ಬಳಸಿ ‘ಡೇಟಾ-ಕನ್ಫರ್ಮ್’ ಇರುವ ಹತ್ತಿರದ ಲಿಂಕನ್ನು ಹುಡುಕಬೇಕು. ಲಿಂಕಿನೊಳಗಿನ ಕಸದಬುಟ್ಟಿಯ ಚಿತ್ರವನ್ನು ಒತ್ತಿದರೂ ಹೀಗೆ ಲಿಂಕೇ ಸಿಗುತ್ತದೆ. ಸಿಗದಿದ್ದರೆ ಅಲ್ಲಿಗೇ ಹಿಂದಿರುಗಿ. ಫಾರ್ಮ್ ಆದರೆ ‘ಸಬ್ಮಿಟ್’ ಘಟನೆಯಲ್ಲಿ ನೋಡಿ. ಯಾವ ಬಟನ್ ಒತ್ತಲಾಯಿತು ಎಂಬುದು ಘಟನೆಯ ‘ಸಬ್ಮಿಟರ್’ನಲ್ಲಿ ದೊರೆಯುತ್ತದೆ.

ಆ್ಯಡ್‌ಇವೆಂಟ್‌ಲಿಸನರ್ ಮೂಲಕ ಕಟ್ಟಿದ ಕೇಳುಗದಲ್ಲಿ ‘ರಿಟರ್ನ್ ಫಾಲ್ಸ್’ ಬರೆದರೆ ಏನೂ ಆಗುವುದಿಲ್ಲ. ಬಳಕೆದಾರರು ಬೇಡವೆಂದರೂ ಲಿಂಕು ತೆರೆದುಕೊಳ್ಳುತ್ತದೆ. ಅಲ್ಲಿ ‘ಪ್ರಿವೆಂಟ್‌ಡಿಫಾಲ್ಟ್’ ಅನ್ನೇ ಕರೆಯಬೇಕು. ಅದೇ ಲಿಂಕಿಗೆ ಬೇರೊಂದು ಲೈಬ್ರರಿಯೂ ಕೇಳುಗವನ್ನು ಕಟ್ಟಿದ್ದರೆ, ಅದು ನಿಮಗಿಂತ ಮೊದಲು ಓಡಿ ಕೋರಿಕೆಯನ್ನು ಕಳುಹಿಸಿಬಿಡುವ ಸಾಧ್ಯತೆ ಇದೆ. ನಿಮ್ಮ ಕೇಳುಗವನ್ನು ಕ್ಯಾಪ್ಚರ್ ಹಂತದಲ್ಲಿ (ಘಟನೆ ಡಾಕ್ಯುಮೆಂಟಿನಿಂದ ಲಿಂಕಿನತ್ತ ಇಳಿಯುವ ಹಂತ) ಕಟ್ಟಿ, ಬೇಡವೆಂದಾಗ ‘ಸ್ಟಾಪ್‌ಇಮೀಡಿಯೇಟ್‌ಪ್ರೊಪಗೇಶನ್’ ಅನ್ನೂ ಕರೆದರೆ ಈ ತೊಂದರೆ ತಪ್ಪುತ್ತದೆ.

ಕೀಬೋರ್ಡಿನ ಎಂಟರ್ ಒತ್ತಿದರೂ, ಕಂಟ್ರೋಲ್ ಹಿಡಿದು ಒತ್ತಿದರೂ ‘ಕ್ಲಿಕ್’ ಘಟನೆ ಬರುತ್ತದೆ. ಮೌಸಿನ ನಡುಗುಂಡಿಗೆ ಮಾತ್ರ ಬರುವುದಿಲ್ಲ. ಅದಕ್ಕೆ ‘ಆಕ್ಸ್‌ಕ್ಲಿಕ್’ ಎಂಬ ಬೇರೆ ಘಟನೆಯಿದೆ. ಬಲಗುಂಡಿ ಒತ್ತಿ ‘ಹೊಸ ಟ್ಯಾಬಿನಲ್ಲಿ ತೆರೆ’ ಎಂದರೆ ನಿಮ್ಮ ಕೋಡಿಗೆ ಸುದ್ದಿಯೇ ಮುಟ್ಟುವುದಿಲ್ಲ. ಎರಡನೆಯ ಹಂತದಲ್ಲಿ ಅಪಾಯದ ಕೆಲಸಗಳನ್ನೆಲ್ಲ ಫಾರ್ಮಿಗೆ ಸಾಗಿಸಿದ್ದರೆ ಇದರಿಂದ ಹಾನಿಯಿಲ್ಲ, ಸಾಗಿಸಿರದಿದ್ದರೆ ಇದು ತೆರೆದ ಬಾಗಿಲು.

ಐದನೆಯ ಹಂತ: ಬ್ರೌಸರಿಗೆ ಮಾತ್ರ ಗೊತ್ತಿರುವ ಷರತ್ತುಗಳು

ಕೆಲವು ಸಂಗತಿಗಳು ಸರ್ವರಿಗೆ ಇನ್ನೂ ತಿಳಿದಿರುವುದಿಲ್ಲ. ‘ತಿದ್ದು’ ಪುಟದಲ್ಲಿ ಗುಮಾಸ್ತರು ದರವನ್ನು ಬದಲಿಸಿ, ಉಳಿಸದೆ ‘ಇಂದಿನ ಲಾಟ್‌ಗಳು’ ಲಿಂಕನ್ನು ಒತ್ತಿದರೆ ಆಗ ಕೇಳಬೇಕು. ಏನೂ ಬದಲಿಸದೆ ಒತ್ತಿದರೆ ಸುಮ್ಮನೆ ಬಿಡಬೇಕು. ಇದಕ್ಕೆ ಪುಟ ತೆರೆದಾಗಲೇ ಫಾರ್ಮಿನ ಮೌಲ್ಯಗಳನ್ನು ‘ಫಾರ್ಮ್‌ಡೇಟಾ’ ಮೂಲಕ ಒಂದು ಕಡೆ ತೆಗೆದಿಟ್ಟು, ಲಿಂಕು ಒತ್ತಿದಾಗ ಈಗಿನ ಮೌಲ್ಯಗಳೊಡನೆ ಹೋಲಿಸಿ. ‘ಇನ್‌ಪುಟ್’ ಘಟನೆ ಬಂದೊಡನೆ ‘ಬದಲಾಗಿದೆ’ ಎಂದು ಗುರುತು ಹಾಕುವುದು ಸುಲಭವೇ, ಆದರೆ 240 ಅನ್ನು 250 ಮಾಡಿ ಮತ್ತೆ 240ಕ್ಕೆ ತಂದವರನ್ನೂ ಅದು ತಡೆಯುತ್ತದೆ. ಟ್ಯಾಬನ್ನೇ ಮುಚ್ಚುವವರಿಗೆ ‘ಬಿಫೋರ್‌ಅನ್‌ಲೋಡ್’ ಘಟನೆ ಇದೆ. ಅಲ್ಲಿ ನಿಮ್ಮ ಸ್ವಂತ ಮಾತನ್ನು ತೋರಿಸಲು ಈಗಿನ ಬ್ರೌಸರ್‌ಗಳು ಬಿಡುವುದಿಲ್ಲ. ಕ್ರೋಮ್ 2016ರಲ್ಲೇ ಆ ಸೌಲಭ್ಯವನ್ನು ತೆಗೆಯಿತು. ಆ ಕೇಳುಗವನ್ನು ಬದಲಾವಣೆ ಇರುವಾಗ ಮಾತ್ರ ಕಟ್ಟಿ, ಉಳಿಸಿದ ಕೂಡಲೇ ಬಿಚ್ಚಿ. ಪುಟವನ್ನು ಮತ್ತೆ ಲೋಡ್ ಮಾಡದೆ ಒಳಗಿಂದೊಳಗೇ ಸಂಚರಿಸುವ ಅಪ್ಲಿಕೇಶನ್ ನಿಮ್ಮದಾದರೆ ಆ ಸಂಚಾರವನ್ನು ನಡೆಸುವ ರೂಟರ್ ಒದಗಿಸುವ ಕಾವಲನ್ನು ಬಳಸಿ: ರಿಯಾಕ್ಟ್ ರೂಟರಿನಲ್ಲಿ ‘ಯೂಸ್‌ಬ್ಲಾಕರ್’, ವ್ಯೂನಲ್ಲಿ ‘ಆನ್‌ಬಿಫೋರ್‌ರೂಟ್‌ಲೀವ್’, ಆ್ಯಂಗ್ಯುಲರಿನಲ್ಲಿ ‘ಕ್ಯಾನ್‌ಡಿಆ್ಯಕ್ಟಿವೇಟ್’.

ಮೊತ್ತದ ಷರತ್ತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ‘50,000 ರೂಪಾಯಿ ಮೀರಿದ ಪಟ್ಟಿಯನ್ನು ಮುಗಿಸುವ ಮುನ್ನ ಕೇಳು’ ಎಂಬ ಷರತ್ತನ್ನು ನಾನು ಹಾಕಿದ್ದೆ. ಬಾಕ್ಸಿಗೆ 250 ರೂಪಾಯಿ ದರವಿದ್ದಾಗ 50,000 ಮುಟ್ಟಲು 200 ಬಾಕ್ಸ್ ಬೇಕು, ಹಾಗಾಗಿ ಪ್ರಶ್ನೆ ಅಪರೂಪಕ್ಕೆ ಬರುತ್ತಿತ್ತು ಮತ್ತು ಓದಿಸಿಕೊಳ್ಳುತ್ತಿತ್ತು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸಿನ ದರ 2,000 ರೂಪಾಯಿಯನ್ನು ದಾಟಿತು. 25 ಬಾಕ್ಸ್ ತಂದ ಸಣ್ಣ ರೈತರ ಪಟ್ಟಿಯೂ ಮಿತಿಯನ್ನು ದಾಟಿ, ಪ್ರತಿಯೊಂದು ಪಟ್ಟಿಗೂ ಪೆಟ್ಟಿಗೆ ತೆರೆದುಕೊಳ್ಳತೊಡಗಿತು, ಮತ್ತು ಗುಮಾಸ್ತರ ಬೆರಳು ಹಳೆಯ ಅಭ್ಯಾಸಕ್ಕೆ ಮರಳಿತು. ಜೀವಮಾನದಲ್ಲೇ ಅತಿ ಹೆಚ್ಚು ಹಣ ಕೈದಾಟುತ್ತಿದ್ದ ತಿಂಗಳಲ್ಲಿ ನನ್ನ ಕಾವಲು ಕಣ್ಣುಮುಚ್ಚಿತ್ತು.

ಸ್ಥಿರ ಅಂಕಿಯ ಬದಲು ಹೋಲಿಕೆಯ ಷರತ್ತನ್ನು ಇಟ್ಟಾಗ ಅದು ಸರಿಹೋಯಿತು. ನಮೂದಿಸಿದ ದರವು ಆ ದಿನ ಅದೇ ಮಂಡಿಯಲ್ಲಿ ದಾಖಲಾದ ದರಗಳ ಮಧ್ಯದ ಮೌಲ್ಯಕ್ಕಿಂತ ಎರಡು ಪಟ್ಟು ಹೆಚ್ಚಿದ್ದರೆ ಅಥವಾ ಅರ್ಧಕ್ಕಿಂತ ಕಡಿಮೆಯಿದ್ದರೆ ಮಾತ್ರ ಈಗ ಕೇಳುತ್ತದೆ. 2,200 ಎಂದು ಒತ್ತಬೇಕಾದಲ್ಲಿ 220 ಎಂದು ಒತ್ತಿದ್ದನ್ನು ಇದು ಹಿಡಿಯುತ್ತದೆ, ದರ ಏರಿದ ಮಾತ್ರಕ್ಕೆ ಬೊಬ್ಬೆ ಹಾಕುವುದಿಲ್ಲ. ಸರಾಸರಿಯ ಬದಲು ಮಧ್ಯದ ಮೌಲ್ಯವನ್ನು ಆರಿಸಿದ್ದಕ್ಕೆ ಕಾರಣವಿದೆ: ಒಂದೇ ಒಂದು ತಪ್ಪು ನಮೂದು ಸರಾಸರಿಯನ್ನು ಎಳೆದುಬಿಡುತ್ತದೆ. ದಿನದ ಮೊದಲ ಐದಾರು ಲಾಟ್‌ಗಳಿಗೆ ಹೋಲಿಸಲು ಏನೂ ಇರುವುದಿಲ್ಲವಾದ್ದರಿಂದ ಆಗ ಹಿಂದಿನ ದಿನದ ಮೌಲ್ಯವನ್ನು ಬಳಸುತ್ತೇನೆ.

ಆರನೆಯ ಹಂತ: ಪುಟ ಹಳೆಯದಾಗಿದ್ದರೆ?

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ ಹಂತ ಇದು. ಗುಮಾಸ್ತರು ಏಳು ಗಂಟೆಗೆ ಪುಟ ತೆರೆದಾಗ ಲಾಟ್ 214ಕ್ಕೆ ಕೂಗು ಬಂದಿರಲಿಲ್ಲ, ಆದ್ದರಿಂದ ಅದರ ‘ಅಳಿಸು’ ಬಟನ್ನಿಗೆ ‘ಡೇಟಾ-ಕನ್ಫರ್ಮ್’ ಇಲ್ಲ. ಏಳೂ ಇಪ್ಪತ್ತಕ್ಕೆ ಹರಾಜು ಕಟ್ಟೆಯಲ್ಲಿ ಮೊಬೈಲ್ ಹಿಡಿದ ಇನ್ನೊಬ್ಬರು ಅದಕ್ಕೆ ಕೂಗನ್ನು ದಾಖಲಿಸುತ್ತಾರೆ. ಏಳೂವರೆಗೆ ಗುಮಾಸ್ತರು ಅಳಿಸುತ್ತಾರೆ. ಪುಟವು ತನಗೆ ಗೊತ್ತಿದ್ದ ಹಳೆಯ ಸತ್ಯವನ್ನು ನಂಬಿ ಪ್ರಶ್ನೆಯನ್ನೇ ಕೇಳುವುದಿಲ್ಲ.

ಇದಕ್ಕೆ ಪರಿಹಾರ, ಪ್ರತಿ ಲಾಟಿನ ಸಾಲಿಗೂ ಒಂದು ಆವೃತ್ತಿ ಸಂಖ್ಯೆಯನ್ನು ಇಟ್ಟು, ಲಾಟಿನಲ್ಲಾಗಲಿ ಅದರ ಕೂಗುಗಳಲ್ಲಾಗಲಿ ಏನು ಬದಲಾದರೂ ಅದನ್ನು ಒಂದರಿಂದ ಹೆಚ್ಚಿಸುವುದು. ಫಾರ್ಮಿನ ಅಡಗಿದ ಫೀಲ್ಡಿನಲ್ಲಿ ಪುಟ ತೆರೆದಾಗಿನ ಆವೃತ್ತಿ ಇರುತ್ತದೆ. ಬಳಕೆದಾರರು ಪ್ರಶ್ನೆಗೆ ‘ಅಳಿಸು’ ಎಂದು ಉತ್ತರಿಸಿದ್ದರೆ ಜಾವಾಸ್ಕ್ರಿಪ್ಟ್ ‘ಒಪ್ಪಿದೆ’ ಎಂಬ ಇನ್ನೊಂದು ಫೀಲ್ಡನ್ನು ಸೇರಿಸಿ ಕಳುಹಿಸುತ್ತದೆ. ಕೋರಿಕೆ ಬಂದಾಗ ಸರ್ವರ್ ಮೂರನೆಯ ಹಂತದ ಅದೇ ‘ಕೇಳಬೇಕೆ’ ಫಂಕ್ಷನ್ನನ್ನು ಮತ್ತೊಮ್ಮೆ ಕರೆಯುತ್ತದೆ. ಕಾರಣಗಳಿಲ್ಲದಿದ್ದರೆ ಅಳಿಸುತ್ತದೆ. ಕಾರಣಗಳಿದ್ದು, ‘ಒಪ್ಪಿದೆ’ ಫೀಲ್ಡೂ ಇದ್ದು, ಆವೃತ್ತಿ ಈಗಿನದ್ದೇ ಆಗಿದ್ದರೆ ಆಗಲೂ ಅಳಿಸುತ್ತದೆ. ಇವೆರಡೂ ಅಲ್ಲದಿದ್ದರೆ ಏನನ್ನೂ ಅಳಿಸದೆ, 409 (‘ಸಂಘರ್ಷ’) ಎಂಬ ಸ್ಥಿತಿ ಸಂಕೇತದೊಂದಿಗೆ ದೃಢೀಕರಣದ ಪೂರ್ಣ ಪುಟವನ್ನೇ ಕಳುಹಿಸುತ್ತದೆ: ಈಗಿನ ಕೂಗುಗಳು, ಕೂಗಿದ ವ್ಯಾಪಾರಿಗಳು, ಕೆಳಗೆ ‘ಅಳಿಸು’ ಮತ್ತು ‘ಇರಲಿ’. ಆ ಪುಟದ ಫಾರ್ಮಿನಲ್ಲಿ ಹೊಸ ಆವೃತ್ತಿಯೂ ‘ಒಪ್ಪಿದೆ’ ಫೀಲ್ಡೂ ಇರುತ್ತವೆ. ಪರಿಶೀಲನೆ ಮತ್ತು ಅಳಿಸುವಿಕೆಗಳ ನಡುವೆ ಇನ್ನೊಬ್ಬರು ನುಗ್ಗದಂತೆ, ಅಳಿಸುವ ಆಜ್ಞೆಯಲ್ಲಿಯೇ ‘ಆವೃತ್ತಿ ಇಷ್ಟಿದ್ದರೆ ಮಾತ್ರ’ ಎಂಬ ಷರತ್ತನ್ನು ಸೇರಿಸಿ, ಯಾವ ಸಾಲೂ ಅಳಿಯದಿದ್ದರೆ ಮತ್ತೆ ಪ್ರಶ್ನೆಯ ಪುಟಕ್ಕೆ ಕಳುಹಿಸಬೇಕು.

ಇಷ್ಟು ಮಾಡಿದರೆ ಕೇಳದೆಯೇ ಎರಡು ಲಾಭಗಳು ಬರುತ್ತವೆ. ಜಾವಾಸ್ಕ್ರಿಪ್ಟ್ ಲೋಡ್ ಆಗದ ದುರ್ಬಲ ನೆಟ್‌ವರ್ಕಿನಲ್ಲೂ ಪ್ರಶ್ನೆ ತಪ್ಪುವುದಿಲ್ಲ. ಬ್ರೌಸರಿನ ಪೆಟ್ಟಿಗೆ ಬರಿಯ ಅನುಕೂಲವಾಗಿ, ಕಾವಲಿನ ಹೊಣೆ ಸರ್ವರಿಗೆ ಸೇರುತ್ತದೆ. ಜಾಂಗೋದ ಆಡಳಿತ ಪುಟಗಳಲ್ಲಿ ಏನನ್ನಾದರೂ ಅಳಿಸಲು ಹೋದವರು, ಜೊತೆಗೆ ಅಳಿಯಲಿರುವ ಸಂಬಂಧಿತ ದಾಖಲೆಗಳನ್ನೆಲ್ಲ ಪಟ್ಟಿಮಾಡಿ ಕೇಳುವ ಪುಟವನ್ನು ನೋಡಿರುತ್ತಾರೆ; ಅದೊಂದು ಒಳ್ಳೆಯ ಮಾದರಿ.

ಏಳನೆಯ ಹಂತ: ಪೆಟ್ಟಿಗೆಯನ್ನು ನೀವೇ ಕಟ್ಟಿ

ಬ್ರೌಸರಿನ ‘ಕನ್ಫರ್ಮ್’ ಒಂದೇ ಸಾಲಿನಲ್ಲಿ ಕೆಲಸ ಮುಗಿಸುತ್ತದೆ, ಆರಂಭಕ್ಕೆ ಅದೇ ಸಾಕು. ಆದರೆ ಅದರ ಬಟನ್‌ಗಳ ಹೆಸರನ್ನು ಬದಲಿಸಲಾಗದು, ಮತ್ತು ಆ ಹೆಸರುಗಳು ನಿಮ್ಮ ಪುಟದ ಭಾಷೆಯಲ್ಲಿ ಇರದೆ ಬ್ರೌಸರಿನ ಭಾಷೆಯಲ್ಲಿ ಬರುತ್ತವೆ. ಸ್ಯಾಂಡ್‌ಬಾಕ್ಸ್ ಎಂಬ ನಿರ್ಬಂಧ ಹಾಕಿದ ಐಫ್ರೇಮಿನೊಳಗೆ (ಒಂದು ಪುಟದೊಳಗೆ ತೆರೆದ ಇನ್ನೊಂದು ಪುಟ) ‘ಅಲೋ-ಮೋಡಲ್ಸ್’ ಅನುಮತಿ ಇಲ್ಲದಿದ್ದರೆ ಅದು ಪೆಟ್ಟಿಗೆ ತೋರಿಸದೆಯೇ ‘ಫಾಲ್ಸ್’ ಎಂದುಬಿಡುತ್ತದೆ. ಪುಟ ಪದೇ ಪದೇ ಪೆಟ್ಟಿಗೆ ತೆರೆದಾಗ ‘ಇನ್ನು ತೋರಿಸಬೇಡ’ ಎಂಬ ಆಯ್ಕೆಯನ್ನು ಬ್ರೌಸರ್ ಕೊಟ್ಟು, ಬಳಕೆದಾರರು ಅದನ್ನು ಒಪ್ಪಿದ್ದರೂ ಇದೇ ಪಾಡು. ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ ಎಂಬ ದೂರು ಬಂದಾಗ ನಾನು ಅರ್ಧ ದಿನ ಸರ್ವರಿನ ಲಾಗ್ ಹುಡುಕಿದ್ದೆ.

‘ಡಯಲಾಗ್’ ಎಂಬ ಎಚ್‌ಟಿಎಂಎಲ್ ಅಂಶ ಇದಕ್ಕೆ ಪರಿಹಾರ. 2022ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ 98 ಮತ್ತು ಸಫಾರಿ 15.4 ಬಂದ ಮೇಲೆ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಇದು ಲಭ್ಯ. ಪುಟದ ಕೊನೆಯಲ್ಲಿ ಒಂದೇ ಡಯಲಾಗನ್ನು ಇಡಿ. ಅದರೊಳಗೆ ಪ್ರಶ್ನೆಯ ಪ್ಯಾರಾ ಮತ್ತು ಮೆಥಡ್ ‘ಡಯಲಾಗ್’ ಆಗಿರುವ ಫಾರ್ಮ್. ಫಾರ್ಮಿನಲ್ಲಿ ‘ಇರಲಿ’ ಮತ್ತು ‘ಅಳಿಸು’ ಎಂಬ ಎರಡು ಬಟನ್‌ಗಳು, ಎರಡಕ್ಕೂ ಬೇರೆ ಬೇರೆ ವ್ಯಾಲ್ಯೂ. ‘ಶೋಮೋಡಲ್’ ಕರೆದರೆ ತೆರೆಯುತ್ತದೆ, ಮುಚ್ಚಿದಾಗ ಒತ್ತಿದ ಬಟನ್ನಿನ ವ್ಯಾಲ್ಯೂ ‘ರಿಟರ್ನ್‌ವ್ಯಾಲ್ಯೂ’ನಲ್ಲಿ ಸಿಗುತ್ತದೆ. ‘ಆಟೋಫೋಕಸ್’ ಅನ್ನು ‘ಇರಲಿ’ ಬಟನ್ನಿಗೆ ಕೊಡಿ. ಓದದೆ ಎಂಟರ್ ಒತ್ತಿದವರಿಗೆ ಏನೂ ಆಗದಿರುವುದೇ ಸರಿ.

ರಿಟರ್ನ್‌ವ್ಯಾಲ್ಯೂ ತಾನಾಗಿ ಖಾಲಿಯಾಗುವುದಿಲ್ಲ ಎಂಬುದನ್ನು ಮರೆಯಬೇಡಿ. ಒಮ್ಮೆ ‘ಅಳಿಸು’ ಒತ್ತಿ, ಮುಂದಿನ ಲಾಟಿಗೆ ಅದೇ ಡಯಲಾಗ್ ತೆರೆದಾಗ ಎಸ್ಕೇಪ್ ಕೀ ಒತ್ತಿ ಮುಚ್ಚಿದರೆ, ರಿಟರ್ನ್‌ವ್ಯಾಲ್ಯೂನಲ್ಲಿ ಇನ್ನೂ ಹಳೆಯ ‘ಅಳಿಸು’ ಇರುತ್ತದೆ, ಮತ್ತು ಅಳಿಸುವುದು ಬೇಡವೆಂದ ಲಾಟ್ ಅಳಿದುಹೋಗುತ್ತದೆ. ಪ್ರತಿ ಸಲ ತೆರೆಯುವ ಮುನ್ನ ಅದನ್ನು ಖಾಲಿ ಮಾಡಿ.

ಕನ್ಫರ್ಮ್ ಉತ್ತರ ಬರುವವರೆಗೂ ಕೋಡನ್ನು ನಿಲ್ಲಿಸಿಡುತ್ತದೆ, ಡಯಲಾಗ್ ನಿಲ್ಲಿಸುವುದಿಲ್ಲ. ಹಾಗಾಗಿ ‘ಬೇಡವೆಂದರೆ ತಡೆ’ ಎಂಬ ಕ್ರಮವನ್ನು ‘ಮೊದಲು ತಡೆ, ಒಪ್ಪಿದರೆ ಮತ್ತೆ ನಡೆಸು’ ಎಂದು ತಿರುಗಿಸಬೇಕು. ಉತ್ತರಕ್ಕೆ ಕಾದು ಆಮೇಲೆ ಪ್ರಿವೆಂಟ್‌ಡಿಫಾಲ್ಟ್ ಕರೆದರೆ ಅಷ್ಟರಲ್ಲಿ ಫಾರ್ಮ್ ಹೋಗಿಯಾಗಿರುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಫಾರ್ಮಿಗೆ ‘ರಿಕ್ವೆಸ್ಟ್‌ಸಬ್ಮಿಟ್’ ಬಳಸಿ. ಬರಿಯ ‘ಸಬ್ಮಿಟ್’ ಕರೆದರೆ ಫಾರ್ಮಿನ ಪರಿಶೀಲನೆಗಳು ನಡೆಯುವುದಿಲ್ಲ. ರಿಕ್ವೆಸ್ಟ್‌ಸಬ್ಮಿಟ್ ಸಬ್ಮಿಟ್ ಘಟನೆಯನ್ನು ಮತ್ತೆ ಎಬ್ಬಿಸುವುದರಿಂದ ನಿಮ್ಮ ಕೇಳುಗ ಮತ್ತೆ ಕೇಳೀತು; ಕೊನೆಯಿಲ್ಲದ ಈ ಸುತ್ತನ್ನು ತಪ್ಪಿಸಲು ಫಾರ್ಮಿಗೆ ‘ಕೇಳಿಯಾಗಿದೆ’ ಎಂಬ ಗುರುತು ಹಾಕಿ, ಎರಡನೆಯ ಬಾರಿ ಬಂದಾಗ ಆ ಗುರುತನ್ನು ಅಳಿಸಿ ಮುಂದಕ್ಕೆ ಬಿಡಿ. ಲಿಂಕಿಗೂ ಇದೇ ಗುರುತಿನೊಡನೆ ‘ಕ್ಲಿಕ್’ ಕರೆದರೆ ಹೊಸ ಟ್ಯಾಬ್, ಡೌನ್‌ಲೋಡ್ ಮುಂತಾದ ಅದರ ಗುಣಗಳು ಉಳಿಯುತ್ತವೆ. ರೈಲ್ಸ್ 7 ಬಳಸುವವರಿಗೆ ಅದರ ಜೊತೆಗೇ ಬರುವ ಟರ್ಬೊ ಲೈಬ್ರರಿಯ ‘ಡೇಟಾ-ಟರ್ಬೊ-ಕನ್ಫರ್ಮ್’ ಈ ಕೆಲಸದ ಬಹುಪಾಲನ್ನು ಮಾಡಿಕೊಡುತ್ತದೆ, ಮತ್ತು ಅದಕ್ಕೆ ನಿಮ್ಮ ಡಯಲಾಗನ್ನೇ ಜೋಡಿಸಲೂಬಹುದು.

ಎಂಟನೆಯ ಹಂತ: ಕನ್ನಡದಲ್ಲಿ ಕೇಳುವಾಗ

ನಮ್ಮ ಮಂಡಿಯಲ್ಲಿ ಕೂಗು ತೆಲುಗಿನಲ್ಲಿ ನಡೆದರೂ ಲೆಕ್ಕ ಕನ್ನಡದಲ್ಲೇ ಇರುತ್ತದೆ. ಆದ್ದರಿಂದ ಪ್ರಶ್ನೆಯ ಪದಗಳನ್ನು ತೂಗಿ ಬರೆಯಬೇಕು. ‘ಪಟ್ಟಿ ರದ್ದು ಮಾಡಬೇಕೆ?’ ಎಂಬ ಪ್ರಶ್ನೆಯ ಕೆಳಗೆ ‘ಸರಿ’ ಮತ್ತು ‘ರದ್ದು’ ಎಂಬ ಬಟನ್‌ಗಳಿದ್ದರೆ, ಪಟ್ಟಿ ರದ್ದಾಗಬೇಕೆನ್ನುವವರು ಸಹಜವಾಗಿ ‘ರದ್ದು’ ಒತ್ತುತ್ತಾರೆ, ಪಟ್ಟಿ ಹಾಗೇ ಉಳಿಯುತ್ತದೆ. ಬಟನ್ನಿನ ಮೇಲೆ ಆಗಲಿರುವ ಕೆಲಸವನ್ನೇ ಬರೆಯಿರಿ: ‘ಪಟ್ಟಿ ರದ್ದು ಮಾಡು’, ‘ಇರಲಿ’. ನಿಷೇಧಾರ್ಥದ ಪ್ರಶ್ನೆಯನ್ನೂ ಕೇಳಬೇಡಿ. ‘ಬದಲಾವಣೆ ಉಳಿಸುವುದು ಬೇಡವೇ?’ ಎಂದಾಗ ‘ಹೌದು’ ಎಂದರೆ ಬೇಡ ಎಂದೇ, ಬೇಕು ಎಂದೇ? ಇಬ್ಬರು ಎರಡು ಅರ್ಥ ಮಾಡಿಕೊಳ್ಳುತ್ತಾರೆ.

ಸಂಖ್ಯೆಗೆ ತಕ್ಕ ವಾಕ್ಯವನ್ನು ಜಾವಾಸ್ಕ್ರಿಪ್ಟಿನ ‘ಇಂಟ್ಲ್ ಪ್ಲೂರಲ್‌ರೂಲ್ಸ್’ ಮೂಲಕ ಆರಿಸುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕನ್ನಡದ ನಿಯಮದಲ್ಲಿ ಏಕವಚನದ ವರ್ಗಕ್ಕೆ 1 ಮಾತ್ರವಲ್ಲ, 0 ಕೂಡ ಸೇರುತ್ತದೆ. ಆ ವರ್ಗದ ವಾಕ್ಯದಲ್ಲಿ ಅಂಕಿಯ ಬದಲು ‘ಒಂದು ಲಾಟ್ ಅಳಿಸಲಾಗುತ್ತದೆ’ ಎಂದು ಅಕ್ಷರದಲ್ಲಿ ಬರೆದಿದ್ದರೆ, ಏನನ್ನೂ ಆಯ್ದಿಲ್ಲದಾಗಲೂ ಅದೇ ಮಾತು ಕಾಣಿಸುತ್ತದೆ. ಸೊನ್ನೆಯನ್ನು ಬೇರೆಯಾಗಿ ನಿಭಾಯಿಸಿ. ಆಯ್ಕೆ ಇಲ್ಲದಿದ್ದರೆ ಕೇಳುವುದಕ್ಕೇನೂ ಇಲ್ಲ.

ಡಯಲಾಗಿಗೆ ಶೀರ್ಷಿಕೆ ಮತ್ತು ವಿವರಣೆಯನ್ನು ‘ಏರಿಯಾ-ಲೇಬಲ್ಡ್‌ಬೈ’, ‘ಏರಿಯಾ-ಡಿಸ್ಕ್ರೈಬ್ಡ್‌ಬೈ’ ಮೂಲಕ ಜೋಡಿಸಿ, ಪರದೆ ಓದುವ ತಂತ್ರಾಂಶಕ್ಕೆ ಪ್ರಶ್ನೆ ಕೇಳಿಸಬೇಕು. ಹಣ ಅಥವಾ ಕಾನೂನಿಗೆ ಸಂಬಂಧಿಸಿದ ಕೆಲಸಗಳಲ್ಲಿ ಹಿಂತೆಗೆಯುವ, ಪರಿಶೀಲಿಸುವ ಅಥವಾ ದೃಢಪಡಿಸುವ ಅವಕಾಶಗಳಲ್ಲಿ ಒಂದಾದರೂ ಇರಬೇಕೆಂದು ವೆಬ್ ಪುಟಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂಬ ಡಬ್ಲ್ಯುಸಿಎಜಿ ಮಾರ್ಗಸೂಚಿಯ 3.3.4ನೆಯ ಮಾನದಂಡ ಹೇಳುತ್ತದೆ.

ಒಂಬತ್ತನೆಯ ಹಂತ: ಪರೀಕ್ಷೆ ಮತ್ತು ಎಣಿಕೆ

ಮೊದಲು ‘ಕೇಳಬೇಕೆ’ ಫಂಕ್ಷನ್ನನ್ನು ಒಂಟಿಯಾಗಿ ಪರೀಕ್ಷಿಸಿ: ಕೂಗಿಲ್ಲದ ಲಾಟ್, ಒಂದು ಕೂಗಿನದ್ದು, ಪಾವತಿಯಾದದ್ದು. ಆಮೇಲೆ ಎರಡು ಟ್ಯಾಬ್ ತೆರೆದು ಆರನೆಯ ಹಂತದ ಕಥೆಯನ್ನು ಕೈಯಾರೆ ನಡೆಸಿ ನೋಡಿ, ಜಾವಾಸ್ಕ್ರಿಪ್ಟ್ ನಿಲ್ಲಿಸಿ ಇನ್ನೊಮ್ಮೆ ನೋಡಿ, ಬಟನ್ನನ್ನು ಎರಡು ಸಲ ಬೇಗ ಒತ್ತಿ ನೋಡಿ. ಸ್ವಯಂಚಾಲಿತ ಪರೀಕ್ಷೆಯಲ್ಲಿ ಬ್ರೌಸರಿನ ಕನ್ಫರ್ಮ್ ಬಳಸುತ್ತಿದ್ದರೆ ಎಚ್ಚರ: ನೀವು ಏನನ್ನೂ ಹೇಳದಿದ್ದರೆ ಪ್ಲೇರೈಟ್ ಎಂಬ ಪರೀಕ್ಷಾ ಸಾಧನ ಅಂಥ ಪೆಟ್ಟಿಗೆಗಳಿಗೆ ತಾನಾಗಿ ಬೇಡವೆನ್ನುತ್ತದೆ, ಸೈಪ್ರೆಸ್ ಎಂಬ ಇನ್ನೊಂದು ಸಾಧನ ತಾನಾಗಿ ಒಪ್ಪಿಕೊಳ್ಳುತ್ತದೆ. ಒಂದೇ ಪರೀಕ್ಷೆ ಎರಡರಲ್ಲಿ ಎರಡು ಫಲಿತಾಂಶ ಕೊಟ್ಟರೆ ದೋಷ ನಿಮ್ಮ ಕೋಡಿನಲ್ಲೇ ಇರಬೇಕೆಂದಿಲ್ಲ.

ಕೊನೆಯದಾಗಿ, ಪ್ರತಿ ಪ್ರಶ್ನೆಗೂ ಯಾವ ಕಾರಣಕ್ಕೆ ಕೇಳಲಾಯಿತು, ಉತ್ತರವೇನು, ಉತ್ತರಕ್ಕೆ ಎಷ್ಟು ಸಮಯ ಹಿಡಿಯಿತು ಎಂಬುದನ್ನು ದಾಖಲಿಸಿ. ಯಾರೂ ‘ಇರಲಿ’ ಎನ್ನದ, ಅರ್ಧ ಸೆಕೆಂಡಿನಲ್ಲೇ ಉತ್ತರ ಬರುವ ಷರತ್ತು ಯಾವುದೋ ಅದನ್ನು ತೆಗೆಯಿರಿ ಅಥವಾ ಬಿಗಿಗೊಳಿಸಿ. ತಿಂಗಳಿಗೊಮ್ಮೆ ಈ ದಾಖಲೆಯನ್ನು ನೋಡುತ್ತೇನೆ. ಕಳೆದ ಸಲ ‘ಒಂದೇ ರೈತರ ಹೆಸರಿನಲ್ಲಿ ಇಂದು ಇನ್ನೊಂದು ಲಾಟ್ ಇದೆ’ ಎಂಬ ಷರತ್ತಿಗೆ ಸಿಕ್ಕಿದ ಉತ್ತರಗಳೆಲ್ಲ ಒಂದೇ ಬಗೆಯವಾಗಿದ್ದವು, ಏಕೆಂದರೆ ಒಬ್ಬರೇ ರೈತರು ಎರಡು ಗಾಡಿ ಮಾಲು ತರುವುದು ಅಲ್ಲಿ ದಿನನಿತ್ಯದ ಸಂಗತಿ. ಹೆಸರಿನ ಜೊತೆಗೆ ಬಾಕ್ಸ್ ಸಂಖ್ಯೆಯೂ ಒಂದೇ ಆಗಿದ್ದರೆ ಮಾತ್ರ ಅದು ಈಗ ಕೇಳುತ್ತದೆ.